ಮೂವತ್ತೊಂಬತ್ತರ ತೂಕ

ದೀಪ ಸ್ವಲ್ಪ ಸಣ್ಣ ಮಾಡಿ. ನಾನು ಹೇಳೋದರಲ್ಲಿ ಅರ್ಧ ಸುಳ್ಳು ಅಂತ ನಿಮಗೆಲ್ಲ ಗೊತ್ತು. ಇದು ಇನ್ನರ್ಧದ್ದು. ನಮ್ಮ ಚಿಕ್ಕಮ್ಮನ ಮಗನಿಗೇ ಆದದ್ದು.

ಅವನನ್ನು ಕರೆಯುವುದೇ ಕಡ್ಡಿ ಪೈಲ್ವಾನ ಅಂತ. ಬಟ್ಟೆ ಸೇರಿಸಿ ಐವತ್ತೆರಡು ಕಿಲೋ. ಎಚ್‌ಐವಿಗೆ ಹೊಸ ಮಾತ್ರೆ ಪರೀಕ್ಷಿಸುವ ಕ್ಲಿನಿಕ್ಕಿನಲ್ಲಿ ಅಂಕಿಅಂಶ ನೋಡುವ ಕೆಲಸ. ಅಲ್ಲಿಗೆ ಬರುವವರಿಗೆ ಹೆಸರಿಲ್ಲ, ಬರೀ ನಂಬರು. ಯಾರ ಕಣ್ಣಿಗೂ ಬೀಳಬಾರದೆಂದು ಕತ್ತಲಾದ ಮೇಲೆ ಹಿಂಬಾಗಿಲಿಂದ ಬಂದು, ತೂಕ ನೋಡಿಸಿ, ರಕ್ತ ಕೊಟ್ಟು ಹೋಗುತ್ತಾರೆ. ತಿಂಗಳಿಗೊಮ್ಮೆ.

ಬೆಳಗಾದರೆ ವರದಿ ಹೋಗಬೇಕಿತ್ತು. ಮೂವತ್ತೊಂಬತ್ತನೇ ನಂಬರಿನವನು ಎರಡು ತಿಂಗಳಿಂದ ಪತ್ತೆಯಿಲ್ಲ. ಪುಸ್ತಕದಲ್ಲಿ ಜಾಗ ಖಾಲಿ ಬಿಟ್ಟರೆ ದೊಡ್ಡ ಡಾಕ್ಟರ ಬೈಗುಳ. ಪೈಲ್ವಾನ ಅವನ ಕೊನೆಯ ತೂಕವನ್ನೇ, ನಲವತ್ತೇಳು ಪಾಯಿಂಟ್ ಮೂರು, ಕೆಳಗಿನ ಎರಡೂ ಖಾಲಿ ಸಾಲಿಗೆ ನಕಲು ಮಾಡಿ, ಪಕ್ಕದಲ್ಲಿ 'ಬಂದಿದ್ದರು' ಅಂತ ಬರೆದು ಕೈ ತೊಳೆದುಕೊಂಡ.

ಹೊರಟಾಗ ಹತ್ತೂವರೆ. ಹಾಳು ಬಾವಿಯ ತಿರುವು. ಹಿಂದೆ ಚಪ್ಪಲಿ ಸದ್ದು... ಚರ್ರ್... ಪಟ್. ಚರ್ರ್... ಪಟ್. ಒಂದು ಕಾಲು ಎಳೆದು ನಡೆಯುವ ಸದ್ದು. ಇವನು ನಿಂತ. ಅದೂ ನಿಂತಿತು.

"ಸಾರ್... ನಾನು ಬಂದಿರಲಿಲ್ಲ."

"ಯಾರಪ್ಪ?"

"ಮೂವತ್ತೊಂಬತ್ತು."

ತಿರುಗಿ ನೋಡುವಷ್ಟು ಪೈಲ್ವಾನಿಕೆ ಇವನಲ್ಲಿರಲಿಲ್ಲ. "ಯಾಕಪ್ಪ ಬರಲಿಲ್ಲ?"

"ಕಟ್ಟಡದ ಕೆಲಸಕ್ಕೆ ದೂರ ಹೋಗಿದ್ದೆ. ಮೈಯೆಲ್ಲ ಹಳದಿ ಆಯ್ತು... ಅಲ್ಲೇ ಹೋಗ್ಬಿಟ್ಟೆ. ನೀವು ಬಂದ ಅಂತ ಬರೆದ್ರಿ. ಎದ್ದು ಬರಬೇಕಾಯ್ತು."

ಪೈಲ್ವಾನ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡ.

"ನನ್ನಾಕೆಗೆ ಇನ್ನೂ ಗೊತ್ತಿಲ್ಲ ಸಾರ್. ಅವಳೇ ನಲವತ್ತನೇ ನಂಬರು. ಅದೇ ಮಾತ್ರೆ ನುಂಗ್ತಿದ್ದಾಳೆ. ಪುಸ್ತಕದಲ್ಲಿ ನಾನು ಬರ್ತಾನೇ ಇದ್ರೆ, ಯಾಕೆ ಸತ್ತ ಅಂತ ಯಾರು ಕೇಳ್ತಾರೆ?" ಚಪ್ಪಲಿ ಸದ್ದು ಇನ್ನೊಂದು ಹೆಜ್ಜೆ ಹತ್ತಿರ ಬಂತು. "ವಾಪಸ್ ಹೋಗೋಣ್ವಾ? ನನಗೆ ಕಾಲು ಏಳ್ತಿಲ್ಲ..."

ಪೈಲ್ವಾನ ಕಣ್ಣು ಮುಚ್ಚಿಕೊಂಡೇ ತಿರುಗಿ ಕ್ಲಿನಿಕ್ಕಿನತ್ತ ಹೆಜ್ಜೆ ಹಾಕಿದ. ಚಪ್ಪಲಿ ಸದ್ದು ಮತ್ತೆ ಕೇಳಲಿಲ್ಲ. ಆದರೆ ಒಂದೊಂದು ಹೆಜ್ಜೆಗೂ ಮೊಣಕಾಲು ಕುಸಿಯುತ್ತಿತ್ತು.

ಬೀಗ ಹಾಕುತ್ತಿದ್ದ ಸಿಸ್ಟರ್ ನಕ್ಕರು. "ಏನ್ ಪೈಲ್ವಾನ್ರೇ, ಮೂಟೆ ಹೊತ್ತೋರ ಹಾಗೆ ಬರ್ತಿದ್ದೀರಿ? ಹತ್ತಿ, ತೂಕ ನೋಡೋಣ."

ಹತ್ತಿದ. ಯಂತ್ರ ಕಿರ್ರೆಂದು ನರಳಿ... ಟಕ್. ತೊಂಬತ್ತೊಂಬತ್ತು ಪಾಯಿಂಟ್ ಮೂರು. ಸಿಸ್ಟರ್ ಅಭ್ಯಾಸಬಲದಿಂದ ಪುಸ್ತಕದಲ್ಲಿ ಬರೆದುಕೊಂಡರು. ಬರೆದ ಮೇಲೆ ನಗಲಿಲ್ಲ.

ಆ ಪುಸ್ತಕಕ್ಕೊಂದು ಕಟ್ಟುನಿಟ್ಟಿನ ನಿಯಮವಿದೆ. ತಪ್ಪನ್ನು ಅಳಿಸುವ ಹಾಗಿಲ್ಲ. ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸಹಿ ಹಾಕಬೇಕು. ಪೈಲ್ವಾನ ತಾನು ನಕಲು ಮಾಡಿದ ಎರಡೂ ತೂಕದ ಮೇಲೆ, ಎರಡೂ 'ಬಂದಿದ್ದರು' ಮೇಲೆ ಗೆರೆ ಎಳೆದ. 'ಬರಲಿಲ್ಲ, ವಿಚಾರಿಸಿ' ಎಂದು ಬರೆದು ಸಹಿ ಹಾಕಿದ. ಮತ್ತೆ ಯಂತ್ರ ಹತ್ತಿದ. ಐವತ್ತೆರಡು.

ಬೆಳಿಗ್ಗೆ ದೊಡ್ಡ ಡಾಕ್ಟರು ಮುಖಕ್ಕೆ ಮಂಗಳಾರತಿ ಎತ್ತಿದರು. ಎತ್ತಿ, ವಿಚಾರಿಸಿದರು. ಸಾವು ನಿಜ. ನಲವತ್ತನೇ ನಂಬರಿನಾಕೆಯನ್ನು ಅದೇ ಸಂಜೆ ಕರೆಸಿದಾಗ ಅವಳ ಕಣ್ಣೂ ಹಳದಿಗೆ ತಿರುಗಿತ್ತು. ಮಾತ್ರೆ ನಿಲ್ಲಿಸಿ ಹಳೆಯದನ್ನೇ ಕೊಟ್ಟರು. ಬದುಕಿದ್ದಾಳೆ.

ನಗೋರು ನಗಿ. ನನಗೆ ಆ ಪುಸ್ತಕ ತೋರಿಸಿದ್ದು ಯಾರು ಅಂತ ಮಾತ್ರ ಕೇಳಬೇಡಿ. ನಾನೇ ಕಣ್ಣಾರೆ ನೋಡಿದ್ದೇನೆ. ಆ ಸಿಸ್ಟರ್ ಒಂದು ತಪ್ಪಂಕಿಗೂ ಗೆರೆ ಎಳೆಯದೆ ಮನೆಗೆ ಹೋಗುವವರಲ್ಲ.

ತೊಂಬತ್ತೊಂಬತ್ತು ಪಾಯಿಂಟ್ ಮೂರರ ಮೇಲೆ ಇವತ್ತಿಗೂ ಗೆರೆ ಇಲ್ಲ.