ತಲೆಯ ಮೇಲಿನ ಪೈಪು

ಉಡುಪಿಯ ತಂತಿ ಕಚೇರಿಯಲ್ಲಿ ಬೊಂಬಾಯಿಯ ಟ್ರಂಕ್ ಕಾಲಿಗಾಗಿ ಕಾದು ಬೇಸತ್ತಿದ್ದ ಮನೋರಮಾ ಟೀಚರಿಗೆ, ಬೇಡವೆಂದರೂ ಪಕ್ಕದ ಬೆಂಚಿನ ಮಾತು ಕಿವಿಗೆ ಬೀಳುತ್ತಿತ್ತು. ಪ್ಯಾಟ್ರಿಶಿಯಾ ಬಾಯಿಯ ಮುಖಪರಿಚಯ ಅವರಿಗಿತ್ತು. ಜೊತೆಗಿದ್ದವನು ಕೈತುಂಬ ಸುಟ್ಟ ಕಲೆಗಳಿದ್ದ ವೆಲ್ಡಿಂಗ್ ಆಚಾರಿ.

“ಸಿಗುವುದೇ ಮೂರು ನಿಮಿಷ ಆಚಾರ್ರೇ, ಅದು ಪೂರಾ ನನಗೆ ಬೇಕು. ನಾಳೆ ಮದ್ರಾಸಲ್ಲಿ ರೇಸು, ನನ್ನ ಗಂಡನಿಗೆ ಧೈರ್ಯ ಹೇಳ್ಬೇಕು. ನೀವೆಂತಕ್ಕೆ ಕಾರ್ಕಳದಿಂದ ನನ್ನನ್ನು ಹುಡುಕಿಕೊಂಡು ಬಂದದ್ದು?”

“ನಿಮ್ಮ ಯಜಮಾನ್ರು ಪೊರ್ಬುಗಳ ಹತ್ರ ಒಂದು ಮಾತು ಹೇಳ್ಲಿಕ್ಕುಂಟು ಬಾಯಮ್ಮ.”

“ನನ್ನ ಹತ್ರ ಹೇಳಿ.”

“ಕಾರಿನೊಳಗೆ ತಲೆ ಮೇಲೆ ಪೈಪು ಕೂರಿಸಿದ್ದೇವಲ್ಲ...”

“ಗೊತ್ತುಂಟು. ಕಾರು ಮಗುಚಿದರೂ ತಲೆ ಉಳೀತದೆ ಅಂತ ನೀವೇ ಹೇಳಿದ್ದು. ಇಲ್ಲದಿದ್ರೆ ಅಜ್ಜನ ಕಾಲದ ಆ ಎಂ.ಜಿ. ಓಡಿಸ್ಲಿಕ್ಕೆ ಅವರನ್ನು ಮದ್ರಾಸಿಗೆ ಬಿಡ್ತಿದ್ದೆನಾ ನಾನು?”

“ಕೊನೆಯ ವೆಲ್ಡಿಂಗ್ ಹಾಕುವಾಗ ಕರೆಂಟು ಡಿಮ್ ಇತ್ತು.”

“ಅಂದ್ರೆ?”

“ಮೇಲಿಂದ ಹಿಡಿದ ಹಾಗೆ ಕಾಣ್ತದೆ, ಒಳಗೆ ಹಿಡಿಯುವುದಿಲ್ಲ. ಬೆಳಿಗ್ಗೆ ಬಂದು ಮತ್ತೊಮ್ಮೆ ಹಾಕುವ ಅಂತಿದ್ದೆ. ಅಷ್ಟರಲ್ಲಿ ಪೊರ್ಬುಗಳು ಬಣ್ಣ ಹೊಡೆಸಿ, ಕಾರನ್ನು ಲಾರಿಗೆ ಹತ್ತಿಸಿ ಆಗಿತ್ತು.”

“ಆಗಲೇ ಹೇಳ್ಲಿಕ್ಕೆ ಎಂತ ಆಗಿತ್ತು ನಿಮಗೆ?”

“ಅವರು ಅಷ್ಟು ಖುಷಿಯಲ್ಲಿದ್ರು ಬಾಯಮ್ಮ. ನನಗೆ ಬಾಯಿ ಬರ್ಲಿಲ್ಲ.”

“ಮದ್ರಾಸ್! ಎರಡನೇ ಬೂತ್!” ಎಂದು ಕೌಂಟರಿನವನು ಕೂಗಿದ.

ಇಬ್ಬರೂ ಎದ್ದು ಓಡಿದರು. ಬೂತಿನ ಬಾಗಿಲು ಹಾಕಿಕೊಳ್ಳಬೇಕೆಂಬ ನೆನಪೂ ಅವರಿಗಿರಲಿಲ್ಲ. ಪ್ಯಾಟ್ರಿಶಿಯಾ ರಿಸೀವರ್ ಎತ್ತಿ, ಕೊಂಕಣಿಯಲ್ಲಿ ಊಟವಾಯಿತೇ ಎಂದಷ್ಟೇ ಕೇಳಿದಳು. ಆಮೇಲೆ ಅದನ್ನು ಆಚಾರಿಯ ಕೈಯಲ್ಲಿಟ್ಟಳು.

“ಹೇಳಿ. ಮೂರು ನಿಮಿಷವೂ ನಿಮಗೇ.”