ಬೆನ್ನಿನ ಅಳತೆ

ಮಾನ್ಯ ಅಧ್ಯಕ್ಷರೇ, ಮುಖ್ಯ ಅತಿಥಿಗಳೇ, ವಸ್ತ್ರವಿನ್ಯಾಸ ವಿಭಾಗದ ಗುರುಗಳೇ, ಪರದೆಯ ಹಿಂದೆ ಎದೆ ಡವಡವ ಎನ್ನುತ್ತ ನಿಂತಿರುವ ವಿದ್ಯಾರ್ಥಿಗಳೇ ಮತ್ತು ಸಭಿಕರೇ,

ನನಗೆ ಮೈಕು ಹೊಸದಲ್ಲ. ಯಾವ ರೈಲು ಎಷ್ಟು ತಡ ಎಂದು ನಿಲ್ದಾಣದಲ್ಲಿ ಹೇಳುವ ಕೆಲಸ ನನ್ನದು. ಆದರೆ ನಾನು ಬಾಯಿ ತೆರೆದೊಡನೆ ಜನ ಗಂಟುಮೂಟೆ ಎತ್ತಿಕೊಂಡು ಓಡುತ್ತಾರೆ. ನೀವು ಕುಳಿತೇ ಇದ್ದೀರಿ, ಅದಕ್ಕೇ ಸ್ವಲ್ಪ ಗಾಬರಿ.

ಇಂದು ತನ್ನ ಮೊದಲ ಉಡುಪು ಸಂಗ್ರಹವನ್ನು ನಿಮ್ಮ ಮುಂದಿಡುವ ಹುಡುಗಿಗೆ, ನಮ್ಮ ಪುಟ್ಟಿಗೆ, ನಾನು ಸೋದರತ್ತೆ. ಮದುವೆಯಾಗದ ಅತ್ತೆ, ಅವಳ ಮನೆಯಲ್ಲೇ ಇದ್ದು ಅವಳ ತಲೆ ತಿನ್ನುತ್ತೇನೆ. ಮನೆಯವರ ಪರವಾಗಿ ಎರಡು ಮಾತಾಡಿ ಎಂದಿದ್ದಾರೆ. ಎರಡೇ ಮಾತಿಗೆ ನಿಲ್ಲಿಸುವ ಅತ್ತೆಯನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ನನ್ನ ಬೆನ್ನು ಗೂನು. ಹುಟ್ಟಿನಿಂದಲೇ. ಈ ಮೇಜು ಎತ್ತರವಿದೆ, ಮೇಲೆ ಶಾಲು ಹೊದ್ದಿದ್ದೇನೆ, ಹಾಗಾಗಿ ನಿಮಗೆ ಗೊತ್ತಾಗಲಿಲ್ಲ. ಫೋಟೋಗಳಲ್ಲಿ ನಾನು ಯಾವಾಗಲೂ ಗೋಡೆಗೆ ಒರಗಿದವಳು. ನಿಲ್ದಾಣದಲ್ಲಿ ಕಿಟಕಿಯಿಲ್ಲದ ಕೋಣೆಯೊಳಗೆ ಮೈಕಿನ ಮುಂದೆ ಕೂರುವ ಕೆಲಸವನ್ನು ನಾನೇಕೆ ಬೇಡಿ ಪಡೆದೆ? ದನಿಗೆ ಬೆನ್ನಿಲ್ಲವಲ್ಲ, ಅದಕ್ಕೆ. ಇದನ್ನೆಲ್ಲ ಹೇಳಬೇಕೆಂದು ಬಂದಿರಲಿಲ್ಲ, ಇರಲಿ ಬಿಡಿ.

ಸಂಗ್ರಹದ ಕೆಲಸ ಶುರುವಾದಾಗ ಪುಟ್ಟಿ ಟೇಪು ಹಿಡಿದು ನನ್ನ ಬೆನ್ನು ಬಿದ್ದಳು.

"ಅತ್ತೆ, ನಿನ್ನ ಅಳತೆ ಬೇಕು."

"ಕಾಲೇಜಲ್ಲಿ ಬಟ್ಟೆ ತೊಡಿಸೋ ಗೊಂಬೆ ಇದೆಯಲ್ಲೇ, ಅದಕ್ಕೆ ಹೊಲಿ."

"ಗೊಂಬೆ ಎಲ್ಲಿಗೆ ಹಾಕ್ಕೊಂಡು ಹೋಗುತ್ತೆ, ಹೇಳು?"

ಸೋತೆ. ಆದರೆ ಬೆನ್ನು ಮುಚ್ಚುವ ಹಾಗೆ ಹೊಲಿಯಬೇಕು ಎಂದು ಕರಾರು ಹಾಕಿದೆ. ಪಾಪ, ಮುಚ್ಚಿಯೇ ಮುಚ್ಚಿದಳು. ಅಗಲವಾದ ಕಾಲರು, ನೆರಿಗೆಯ ಮೇಲೆ ನೆರಿಗೆ. ಹಾಕಿಕೊಂಡರೆ ನಾನು ಗವಸು ತೊಡಿಸಿದ ಸೋಫಾದಂತೆ ಕಾಣುತ್ತಿದ್ದೆ. ಹಿಂದೆ ಅಂಚು ಮೇಲೇರುತ್ತಿತ್ತು, ಮುಂದೆ ಜೋಲುತ್ತಿತ್ತು. ಬಿಚ್ಚಿ ಬಿಚ್ಚಿ ಹೊಲಿದು ಕೊನೆಗೆ ಅತ್ತೇಬಿಟ್ಟಳು.

"ಮುಚ್ಚೋಕೆ ಹೋದ್ರೆ ಬಟ್ಟೆ ಕೂರೋದೇ ಇಲ್ಲ ಅತ್ತೆ. ಒಂದ್ಸಲ ಸರಿಯಾಗಿ ಅಳೆಯೋಕೆ ಬಿಡು."

ಅವಳ ಬೆರಳುಗಳು ಕತ್ತಿನಿಂದ ಸೊಂಟದವರೆಗೆ ನಿಧಾನವಾಗಿ ಇಳಿದವು. ಡಾಕ್ಟರನ್ನು ಬಿಟ್ಟರೆ ಆ ಜಾಗವನ್ನು ಯಾರೂ ಮುಟ್ಟಿರಲಿಲ್ಲ. "ನೋವಾಗ್ತಿದೆಯಾ?" ಎಂದಳು. "ಇಲ್ಲ ಕಣೇ, ಟೇಪು ತಣ್ಣಗಿದೆ" ಎಂದೆ. ಸುಳ್ಳು. ನನಗೆ ಅಳು ಒತ್ತರಿಸಿ ಬರುತ್ತಿತ್ತು.

ಈ ಸಲ ಅವಳು ಏನನ್ನೂ ಮುಚ್ಚಲಿಲ್ಲ. ಬೂದು ಬಣ್ಣದ ಉಡುಪು. ನನ್ನ ಬೆನ್ನು ಎಲ್ಲೆಲ್ಲಿ ಬಾಗಿದೆಯೋ ಅಲ್ಲಲ್ಲೇ ಬಾಗಿ ಇಳಿಯುವ ಒಂದು ಕೆಂಪು ಹೊಲಿಗೆ. ಬಟ್ಟೆಯೊಂದು ನನ್ನ ಮೈಮೇಲೆ ಸರಿಯಾಗಿ ಕುಳಿತದ್ದು ಜನ್ಮದಲ್ಲಿ ಅದೇ ಮೊದಲು. ಕನ್ನಡಿಯ ಮುಂದಿನಿಂದ ಕದಲಲೇ ಮನಸ್ಸಾಗಲಿಲ್ಲ. ಆದರೆ ಇದನ್ನು ಹಾಕಿಕೊಂಡು ವೇದಿಕೆಯ ಮೇಲೆ ನಡೆಯಬೇಕು ಎಂದು ಅವಳು ಕೇಳಿದಾಗ, "ಸತ್ತರೂ ಇಲ್ಲ" ಎಂದುಬಿಟ್ಟೆ.

ಗೊಂಬೆಗೆ ಹಾಕಿ ನೋಡಿದಳಂತೆ. ಬೆನ್ನಿನ ಹತ್ತಿರ ಖಾಲಿ ಚೀಲದಂತೆ ಜೋತುಬಿತ್ತಂತೆ. ಹೀಗೆ ತೋರಿಸಿದರೆ ಯಾರಿಗೂ ಅರ್ಥವಾಗುವುದಿಲ್ಲ ಎಂದು ಗುರುಗಳು ಹೇಳಿದರು, ಸರಿಯಾಗಿಯೇ ಹೇಳಿದರು. ಪುಟ್ಟಿ ಮನೆಗೆ ಬಂದು, "ಅದನ್ನ ಸಂಗ್ರಹದಿಂದ ತೆಗೆದುಬಿಟ್ಟೆ ಅತ್ತೆ. ನಿನಗೆ ಇಷ್ಟ ಇಲ್ಲದ್ದು ನನಗೂ ಬೇಡ" ಎಂದಳು. ಮುನಿಸಿಕೊಂಡಿದ್ದರೆ ಜಗಳವಾಡಿ ಗೆಲ್ಲುತ್ತಿದ್ದೆ. ಅವಳು ಮುನಿಯಲೇ ಇಲ್ಲ. ಅವಳೆಂದರೆ ನನಗೆ ಜೀವ, ಸಭಿಕರೇ. ಆ ದಿನ ನನಗೆ ಊಟ ಸೇರಲಿಲ್ಲ.

ಹಾಗಾಗಿ ಇಂದು ಐದೇ ಉಡುಪುಗಳು ಎಂದು ಎಲ್ಲರಿಗೂ ತಿಳಿಸಿದ್ದಾರೆ. ಆರನೆಯದು ಮನೆಯ ಬೀರುವಿನಲ್ಲಿದೆ ಎಂದೇ ಪುಟ್ಟಿ ನಂಬಿದ್ದಾಳೆ. ಇಲ್ಲ ಮಗು. ಈ ಶಾಲಿನ ಕೆಳಗಿದೆ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದರೆ ಮೊದಲು ತೆಗೆ, ನುಂಗಿಬಿಟ್ಟೀಯೆ.

ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ ಎಲ್ಲರಿಗೂ ಧನ್ಯವಾದಗಳು. ಸಭೆಗೆ ಬೆನ್ನು ತೋರಿಸುವುದು ಮರ್ಯಾದೆಯಲ್ಲ ಎಂದು ನನಗೂ ಗೊತ್ತು, ಅಧ್ಯಕ್ಷರು ಮನ್ನಿಸಬೇಕು. ಆದರೆ ಅವಳ ಕೆಲಸವಿರುವುದು ಅಲ್ಲೇ. ಮೊದಲು ನಿಮಗೆಲ್ಲ ಕೈಮುಗಿದುಬಿಡುತ್ತೇನೆ, ನಮಸ್ಕಾರ. ಈಗ ಶಾಲು ತೆಗೆದು, ಈ ಮೇಜು ಬಿಟ್ಟು ಮುಂದೆ ಬಂದು, ತಿರುಗಿ ನಿಲ್ಲುತ್ತೇನೆ. ನಿಧಾನವಾಗಿ ನೋಡಿ.