ಟರ್ಬೊ ಇಲ್ಲದ ಇಂಜಿನ್

ಜಪಾನಿನ ಮಾಯೆಬಾಶಿ ಊರಿನ ಹಳೆಯ ಇಂಜಿನ್ ಮಾರುವ ಅಂಗಡಿಯಲ್ಲಿ ಸರದಿಗಾಗಿ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಅರವತ್ತು ದಾಟಿದ ಗಂಡ ಹೆಂಡತಿ ಕುಳಿತಿದ್ದರು.

“ಟರ್ಬೊ ಇಂಜಿನ್ನೇ ಹಾಕಿಸೋಣ ಕಣೆ. ಬೆಟ್ಟದ ದಾರೀಲಿ ಹಾರುತ್ತೆ,” ಎಂದ ಗಂಡ.

“ಹಾರೋದು ಬೇಡ ರೀ, ಓಡಿದ್ರೆ ಸಾಕು. ಟರ್ಬೊ ಅಂದ್ರೆ ಗೇರ್‌ಬಾಕ್ಸು, ಬ್ರೇಕು ಎಲ್ಲಾ ಬದಲಾಯಿಸ್ಬೇಕು. ವಾಹನ ತಪಾಸಣೆಯವರು ಹೊಸ ಕಾಗದ ಕೇಳ್ತಾರೆ.”

“ಅದೆಲ್ಲ ನಾನು ನೋಡ್ಕೋತೀನಿ.”

“ಮೂರು ವರ್ಷದಿಂದ ನೋಡ್ಕೋತಾನೇ ಇದ್ದೀರಿ. ಕೆಟ್ಟು ನಿಂತ ಕಾರೊಳಗೆ ಬೆಕ್ಕು ಎರಡು ಸಲ ಮರಿ ಹಾಕ್ತು.”

“ಸ್ಪೋರ್ಟ್ಸ್ ಕಾರಿಗೆ ಟರ್ಬೊ ಇಲ್ದಿದ್ರೆ ಜನ ನಗ್ತಾರೆ.”

“ನರ್ಸ್ ಕೆಲಸದ ಸಂಬಳದಲ್ಲಿ ನಾನು ಕೊಂಡ ಕಾರು ಅದು. ಮೂವತ್ತು ವರ್ಷ ಓಡಿಸ್ದೆ, ಯಾರೂ ನಗ್ಲಿಲ್ಲ. ನೀವು ಒಂದೇ ದಿನ ತಗೊಂಡು ಹೋಗಿ ಇಂಜಿನ್ ಸುಟ್ಟು ತಂದ್ರಿ!”



“ಇಂಜಿನ್ ಆಯಿಲ್ ನೋಡದೆ ಹೊರಟಿದ್ದು ನನ್ನ ತಪ್ಪು. ಅದಕ್ಕೇ, ಮೊದಲಿಗಿಂತ ಒಳ್ಳೇದನ್ನ ಹಾಕಿಸಿ ಕೊಡೋಣ ಅಂತ…”

“ನಂಗೆ ಮೊದಲಿನಂಥದ್ದೇ ಬೇಕು ರೀ. ಇಷ್ಟು ದಿನ ನನ್ನ ತಪ್ಪು ಅಂತ ಬಾಯಿಬಿಟ್ಟು ಹೇಳೋಕೇನಾಗಿತ್ತು ನಿಮಗೆ?”

ಕೌಂಟರಿನಿಂದ “ಒಗುರಿ-ಸಾನ್!” ಎಂದು ಅವರನ್ನು ಕೂಗಿದರು. ಆಕೆ ದುಡುದುಡು ಎದ್ದು ಹೊರಟಳು. ಆತ ಹಿಂದೆಯೇ ಹೋದ. “ಟರ್ಬೊ ಇಲ್ಲದ್ದು ಕೊಡಿ,” ಎಂದು ಹೇಳಿದ್ದು ಆತನೇ.